ಪೈಲಟ್‌ಗಳನ್ನು ತಯಾರಿಸಿದ ವಿಮಾನಕ್ಕೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಹಳೆಯ ಯುದ್ಧವಿಮಾನಗಳ ಲೇಖನಗಳು ಬರುತ್ತವೆ. ಅವನ್ನು ಹಾರಿಸಿದವರು ಕಲಿತದ್ದು ಯಾವುದರಲ್ಲಿ ಎಂಬ ಮಾತು ಬರುವುದೇ ಅಪರೂಪ. ಮೊದಲ ಮಹಾಯುದ್ಧದ ಬ್ರಿಟನ್ನಿನ ಮಟ್ಟಿಗೆ ಆ ವಿಮಾನ ಅವ್ರೊ 504.

ಮರದ ಚೌಕಟ್ಟು, ಮೇಲೆ ಬಟ್ಟೆ, 36 ಅಡಿ ಅಗಲದ ಜೋಡಿ ರೆಕ್ಕೆ, ಒಂದರ ಹಿಂದೊಂದು ಎರಡು ಆಸನ. 1913ರಲ್ಲಿ ಮೊದಲ ಬಾರಿ ಹಾರಿತು. 1914ರ ನವೆಂಬರ್ 21ರಂದು ಮೂರು ಅವ್ರೊಗಳು ಫ್ರಾನ್ಸಿನ ಬೆಲ್ಫೋರ್‌ನಿಂದ ಹೊರಟು ಜರ್ಮನಿಯ ಫ್ರೀಡ್ರಿಕ್‌ಶಾಫೆನ್‌ನಲ್ಲಿದ್ದ ಜೆಪೆಲಿನ್ ವಾಯುನೌಕೆಗಳ ಶೆಡ್‌ಗಳ ಮೇಲೆ ಬಾಂಬ್ ಹಾಕಿದ್ದುಂಟು. ಆದರೆ ಅದರ ನಿಜವಾದ ಕೆಲಸ ನಡೆದದ್ದು ತರಬೇತಿ ಶಾಲೆಗಳಲ್ಲಿ.

ಕಲಿಯುವವನಿಗೆ ದೊಡ್ಡ ಸವಾಲು ಅದರ ರೋಟರಿ ಎಂಜಿನ್. ಬೇರೆ ಎಂಜಿನ್‌ಗಳಲ್ಲಿ ತಿರುಗುವ ನಡುವಿನ ದಂಡ, ಕ್ರ್ಯಾಂಕ್‌ಶಾಫ್ಟ್, ಇಲ್ಲಿ ಅಲುಗದೆ ನಿಂತಿರುತ್ತದೆ. ಸಿಲಿಂಡರ್‌ಗಳೆಲ್ಲ ಪ್ರೊಪೆಲ್ಲರ್ ಜೊತೆಗೇ ಗಿರಗಿರನೆ ತಿರುಗುತ್ತವೆ. ಅಷ್ಟು ಭಾರ ಬುಗುರಿಯಂತೆ ಸುತ್ತುವುದರಿಂದ ಬಲಕ್ಕೆ ತಿರುಗಿಸಿದರೆ ಮೂತಿ ಕೆಳಗೆ ಬಾಗುತ್ತದೆ, ಎಡಕ್ಕೆ ತಿರುಗಿಸಿದರೆ ಮೇಲೇಳುತ್ತದೆ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಹರಳೆಣ್ಣೆಯೇ ಇದಕ್ಕೆ ಲೂಬ್ರಿಕೆಂಟ್. ಹಾಕಿದ ಎಣ್ಣೆ ಮರಳಿ ಟ್ಯಾಂಕಿಗೆ ಬಾರದೆ ಹೊಗೆಯೊಂದಿಗೆ ಹೊರಬಿದ್ದು ಪೈಲಟ್‌ನ ಮುಖಕ್ಕೂ ಕನ್ನಡಕಕ್ಕೂ ಬಡಿಯುತ್ತಿತ್ತು.

ಅವ್ರೊಗೆ ಕೂರಿಸುತ್ತಿದ್ದ ರೋಟರಿಗಳಲ್ಲೊಂದಾದ ಲ ರೋನ್ ಎಂಜಿನ್‌ಗೆ ಗಾಳಿಗೊಂದು, ಪೆಟ್ರೋಲಿಗೊಂದು ಲಿವರ್. ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹಾಗೇ ಬಿಟ್ಟರೆ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಆಗ ಪೆಟ್ರೋಲ್ ಮುಚ್ಚಿ, ಕೆಲವು ಸೆಕೆಂಡು ಕಾದು, ನಿಧಾನವಾಗಿ ಮತ್ತೆ ತೆರೆಯಬೇಕು. ನೆಲ ಬಿಟ್ಟ ಕೂಡಲೇ ಹೀಗಾದರೆ ಹೊಸಬ ಗಾಬರಿಯಿಂದ ಮೈದಾನದ ಕಡೆ ತಿರುಗುತ್ತಿದ್ದ. ವೇಗ ಸಾಲದೆ ವಿಮಾನ ಸ್ಟಾಲ್ ಆಗಿ (ರೆಕ್ಕೆ ಎತ್ತುವ ಬಲ ಕಳೆದುಕೊಂಡು) ಸ್ಪಿನ್‌ಗೆ, ಅಂದರೆ ಗಿರಕಿ ಹೊಡೆಯುತ್ತ ಕೆಳಗಿಳಿಯುವ ಸ್ಥಿತಿಗೆ, ಬೀಳುತ್ತಿತ್ತು, ಚೇತರಿಸಿಕೊಳ್ಳಲು ಎತ್ತರ ಇರುತ್ತಿರಲಿಲ್ಲ. ನೇರ ಮುಂದೆ ಸಿಕ್ಕ ಬಯಲಲ್ಲಿ ಇಳಿಸಬೇಕೆಂಬ ನಿಯಮದ ಹಿಂದೆ ಇಂಥ ಸಾವುಗಳಿವೆ.

1917ರಲ್ಲಿ ಇಂಗ್ಲೆಂಡಿನ ಗಾಸ್ಪೋರ್ಟ್ ಹಾರಾಟ ಶಾಲೆಯಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಪಾಠದ ಕ್ರಮವನ್ನೇ ಬದಲಿಸಿದರು. ಅಪಾಯದಿಂದ ಶಿಷ್ಯನನ್ನು ದೂರ ಇಡುವ ಬದಲು, ಬೇಕಾದಷ್ಟು ಎತ್ತರದಲ್ಲಿ ಬೇಕೆಂದೇ ಸ್ಪಿನ್ ಮಾಡಿಸಿ ಹೊರಬರಲು ಕಲಿಸಿದರು: ಸುತ್ತುವ ದಿಕ್ಕಿಗೆ ಎದುರಾಗಿ ರಡ್ಡರ್ (ಬಾಲದ ಚುಕ್ಕಾಣಿ), ಸ್ಟಿಕ್ (ಪೈಲಟ್‌ನ ಹಿಡಿಕೋಲು) ಮುಂದಕ್ಕೆ, ಸುತ್ತು ನಿಂತೊಡನೆ ರಡ್ಡರ್ ನಡುವಿಗೆ, ಆಮೇಲೆ ಮೆಲ್ಲಗೆ ಮೂತಿ ಎತ್ತುವುದು. ಎರಡೂ ಆಸನಕ್ಕೆ ಕಂಟ್ರೋಲ್ ಇದ್ದ, ಸೌಮ್ಯ ಸ್ವಭಾವದ ಅವ್ರೊ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಗುರುವಿನ ಮಾತು ರಬ್ಬರ್ ಕೊಳವೆಯ ಮೂಲಕ ಶಿಷ್ಯನ ಕಿವಿಗೆ ಹೋಗುತ್ತಿತ್ತು. ಚಕ್ರಗಳ ನಡುವಿನಿಂದ ಮುಂದಕ್ಕೆ ಚಾಚಿದ ಮರದ ಸ್ಕಿಡ್, ಒರಟಾಗಿ ಇಳಿಸಿದಾಗ ವಿಮಾನ ಮುಗ್ಗರಿಸದಂತೆ ತಡೆದು ಪ್ರೊಪೆಲ್ಲರ್ ಉಳಿಸುತ್ತಿತ್ತು.

ಒಂದೇ ಬಗೆಯ ಎಂಜಿನ್ ಸಾಕಷ್ಟು ಸಿಗದಿದ್ದಾಗ ಬಂದದ್ದು 504ಕೆ ಮಾದರಿ. 100 ಅಶ್ವಶಕ್ತಿಯ ನೋಮ್, 110ರ ಲ ರೋನ್, 130ರ ಕ್ಲರ್ಜೆ, ಯಾವುದನ್ನಾದರೂ ಕೂರಿಸಬಹುದಾದ ಮೌಂಟಿಂಗ್ ಅದರದು. ಯುದ್ಧ ಮುಗಿಯುವ ಹೊತ್ತಿಗೆ ತಯಾರಾದ 504ಗಳು 8,000ಕ್ಕೂ ಹೆಚ್ಚು. ಸೋವಿಯತ್ ಒಕ್ಕೂಟ ಇದನ್ನೇ ನಕಲು ಮಾಡಿ ಯು-1 ಎಂದು ಕರೆಯಿತು.

ಅದೇ ಮಾತಿನ ಕೊಳವೆ ಮುಂದೆ ಟೈಗರ್ ಮಾತ್ ಎಂಬ ಬ್ರಿಟಿಷ್ ತರಬೇತಿ ವಿಮಾನಕ್ಕೂ ಬಂತು. ನಮ್ಮ ವಾಯುಪಡೆಯ ಟೈಗರ್ ಮಾತ್‌ಗಳ ಬದಲಿಗೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ ಮೊದಲು ಹಾರಿದ್ದು 1951ರಲ್ಲಿ. ಮುಂದಿನ ಪ್ರದರ್ಶನದ ವಿಶೇಷ ಪುಟದಲ್ಲಿ ಅವ್ರೊದಿಂದ ಎಚ್‌ಟಿ-2ರವರೆಗಿನ ತರಬೇತಿ ವಿಮಾನಗಳಿಗೆ ಅರ್ಧ ಪುಟವನ್ನಾದರೂ ಕೊಡಬೇಕೆಂದು ಕೋರುತ್ತೇವೆ.

– ವಿಮಾನ ಇತಿಹಾಸದ ಓದುಗರು, ಬೆಂಗಳೂರು