ಎರಡೂ ಕಾಲಿಗೆ ಒಂದೇ ಲೆಕ್ಕ ಬೇಡ

ಬಾಗಲಕೋಟೆ

ಚಿ. ಸಹನಾಳಿಗೆ ಕಾಕಾನ ಆಶೀರ್ವಾದಗಳು.

ಸ್ಕೇಟಿಂಗ್ ಮಾಡುವಾಗ ಟ್ರ್ಯಾಕಿನ ನೇರ ದಾರಿಯಲ್ಲಿ ಎಡಗಾಲ ಮೇಲೆ ಜಾರಿದರೆ ಮೈ ಅಲುಗಾಡುತ್ತದೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೇ ಈ ಪತ್ರ. ಇನ್ನಷ್ಟು ಸುತ್ತು ಹೊಡೆದರೆ ಸರಿಹೋಗುತ್ತದೆ ಅಂದುಕೊಂಡಿದ್ದೀಯ. ಹೋಗುವುದಿಲ್ಲ ತಂಗಿ. ಜಾಸ್ತಿಯೂ ಆಗಬಹುದು.

ಯಾಕೆಂದರೆ ಟ್ರ್ಯಾಕಿನ ಓಟವೆಲ್ಲ ಒಂದೇ ದಿಕ್ಕು, ಗಡಿಯಾರದ ಮುಳ್ಳಿಗೆ ಎದುರು. ಬೆಳಗಾವಿಯಲ್ಲಿ ನೀನು ಗಾಲಿಯ ಮೇಲೆ ಓಡಿದರೂ ಅಷ್ಟೇ, ಒಲಿಂಪಿಕ್ಸಿನ 400 ಮೀಟರ್ ಐಸ್ ಟ್ರ್ಯಾಕಿನಲ್ಲೂ ಅಷ್ಟೇ. ಪ್ರತಿ ತಿರುವೂ ಎಡಕ್ಕೆ. ಅಲ್ಲಿ ಬಲಗಾಲು ಸ್ಕೇಟಿನ ಒಳ ಅಂಚಿನಿಂದ ಹೊರಕ್ಕೆ ತಳ್ಳಿ, ಆಮೇಲೆ ಎಡಗಾಲನ್ನು ದಾಟಿ ಬರುತ್ತದೆ. ಎಡಗಾಲು ಹೊರ ಅಂಚಿನ ಮೇಲೆ ನಿಂತು ಮೈಯ ಅಡಿಯಿಂದ ಬಲಕ್ಕೆ ತಳ್ಳುತ್ತದೆ. ಎರಡಕ್ಕೂ ಕೆಲಸವೇ ಬೇರೆ. ವರ್ಷಗಟ್ಟಲೆ ಹೀಗೆ ದುಡಿದ ಕಾಲುಗಳು ಸಮನಾಗಿ ಹೇಗೆ ಇದ್ದಾವು? ಸ್ವಲ್ಪ ವ್ಯತ್ಯಾಸ ಎಲ್ಲರಿಗೂ ಇರುತ್ತದೆ, ಹೆದರಬೇಡ.

ಆದರೆ ಅಲುಗಾಟ ಶುರುವಾದ ಮೇಲೆ ಸುಮ್ನೆ ಬಿಡಬಾರದು. ನಿಂತ ಕಾಲು ನಡುಗಿದರೆ ಎತ್ತಿದ ಕಾಲನ್ನು ಬೇಗ ಇಳಿಸಿಬಿಡುತ್ತೀಯ. ಜಾರುವ ದೂರ ಕಡಿಮೆ, ತಳ್ಳುವುದೂ ಅರ್ಧ. ವೇಗ ಹೋಗುವುದು ಅಲ್ಲೇ.

ದಿನಾ ಬಸ್ಕಿ ಹೊಡೆಯುತ್ತೀಯ, ಒಳ್ಳೆಯದು. ಗರಡಿ ನೋಡಿ ಬೆಳೆದ ನಮಗೆಲ್ಲ ಬಸ್ಕಿಯ ಮೇಲೆ ಬಹಳ ನಂಬಿಕೆ. ಆದರೆ ಎರಡೂ ಕಾಲು ಊರಿ ಮಾಡುವಾಗ ಗಟ್ಟಿ ಕಾಲು ಸೋತ ಕಾಲಿನ ಭಾರವನ್ನೂ ಹೊರುತ್ತದೆ. ನಿನಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಕನ್ನಡಿ ಮುಂದೆ ಬರಿಗಾಲಲ್ಲಿ ನಿಲ್ಲು. ಒಂದೇ ಕಾಲ ಮೇಲೆ ಅರ್ಧ ಕೂತು ಏಳು. ಮಂಡಿ ಒಳಕ್ಕೆ ವಾಲುತ್ತದೆಯೇ? ಎತ್ತಿದ ಕಾಲಿನ ಕಡೆ ಸೊಂಟ ಇಳಿಯುತ್ತದೆಯೇ? ಇಳಿದರೆ ಬರೀ ತೊಡೆಯ ಮಾತಲ್ಲ, ನಿಂತ ಕಾಲಿನ ಸೊಂಟದ ಪಕ್ಕದ ಸ್ನಾಯುವೂ ಸೋತಿದೆ. ಒಂಟಿ ಕಾಲಿನಲ್ಲಿ ಮುಂದಕ್ಕೆ ಜಿಗಿದು ಎರಡೂ ಕಾಲಿನ ದೂರ ಅಳೆ. ನೂರಕ್ಕೆ 10ರಷ್ಟು ವ್ಯತ್ಯಾಸ ದಾಟಿದರೆ ಫಿಸಿಯೋಗಳು ಸಾಮಾನ್ಯವಾಗಿ ಗಮನ ಕೊಡುತ್ತಾರೆ.

ಕಸರತ್ತನ್ನು ಯಾವಾಗಲೂ ಸೋತ ಕಾಲಿನಿಂದಲೇ ಶುರು ಮಾಡು. ಅದು ಎಷ್ಟು ಸಲ ಸರಿಯಾಗಿ ಮಾಡಿತೋ ಗಟ್ಟಿ ಕಾಲಿಗೂ ಅಷ್ಟೇ ಸಾಕು, ಒಂದೂ ಹೆಚ್ಚು ಬೇಡ. ಇದು ಕಷ್ಟ, ಗಟ್ಟಿ ಕಾಲಿಗೆ ಇನ್ನೂ ಮಾಡುವ ಆಸೆ ಇರುತ್ತದೆ. ತಡೆದುಕೋ. ರಿಂಕ್ ಖಾಲಿ ಇದ್ದಾಗ, ಕೋಚರನ್ನು ಕೇಳಿ, ನಿಧಾನಕ್ಕೆ ಉಲ್ಟಾ ದಿಕ್ಕಿನಲ್ಲೂ ಕೆಲವು ಸುತ್ತು ಹಾಕು. ಬೇರೆಯವರು ಓಡುತ್ತಿದ್ದರೆ ಬೇಡವೇ ಬೇಡ.

ಶೂ ಕೆಳಗೆ ಗಾಲಿ ಹಿಡಿದಿರುವ ಫ್ರೇಮ್ ಓರೆ ಕೂತಿದ್ದರೂ ಕಾಲು ವಾಲುತ್ತದೆ, ಅದನ್ನೂ ಕೋಚರಿಗೆ ತೋರಿಸು. ಮತ್ತೆ, ಹೋದ ವರ್ಷ ಉಳುಕಿದ್ದು ಎಡಗಾಲೇ ಅಲ್ವಾ? ನೋವು ಹೋದ ಮೇಲೂ ಆ ಕಾಲಿಗೆ ಹಿಂದಿನ ಹಿಡಿತ ಬಂದಿರಲಿಕ್ಕಿಲ್ಲ. ಈಗಲೂ ನೋಯುತ್ತಿದ್ದರೆ ಮುಚ್ಚಿಡಬೇಡ, ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗು.

ಭಾನುವಾರ ಅಪ್ಪನಿಗೆ ಹೇಳಿ ಹಿಂದಿನಿಂದ ಒಂದು ವಿಡಿಯೊ ತೆಗೆಸಿ ಕಳಿಸು. ನೇರ ದಾರಿಯದ್ದು ಬೇಕು, ತಿರುವಿನದ್ದು ಬೇಡ.

ನಿನ್ನ ಕಾಕಾ