ಷವರ್ ಸೀನ್ ತೆಗೆಯುವ ಮುನ್ನ: ಮಗಳಿಗೊಂದು ಪತ್ರ

ಮಗಳೇ,

ಭಾನುವಾರ ಫೋನಿನಲ್ಲಿ ಆದ ಜಗಳದ ಮಾತು ಮತ್ತೆ ಎತ್ತಬೇಡಿ ಅಂತ ನಿನ್ನಮ್ಮ ಹೇಳಿದ್ದಾಳೆ, ಎತ್ತುವುದಿಲ್ಲ. ನಿರ್ದೇಶಕ ಹಿಚ್‌ಕಾಕ್‌ನ ‘ಸೈಕೋ’ ಚಿತ್ರದ ಷವರ್ ಕೊಲೆಯ ಹಾಗೆ ನೀನು ತೆಗೆಯಲಿರುವ ದೃಶ್ಯಕ್ಕೆ ಶಾಟುಗಳನ್ನು ಮೊದಲೇ ಬರೆದಿಟ್ಟ ಸ್ಟೋರಿಬೋರ್ಡಿನ 31 ಚಿತ್ರಗಳನ್ನೂ ನೋಡಿದೆ. 14ನೆಯದರಲ್ಲಿ ಪರದೆಯ ಮೇಲೆ ನೆರಳು ಬೀಳುವ ಮೊದಲೇ ನಿನ್ನ ಹುಡುಗಿಯ ಹೆಗಲು ಬಿಗಿಯುತ್ತದಲ್ಲ, ಅದು ಯಾರೋ ಹೇಳಿಕೊಟ್ಟು ಬರುವುದಲ್ಲ. ಅದನ್ನು ಫೋನಿನಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.

ಬುಧವಾರ ಶೂಟಿಂಗ್. ಅದಕ್ಕೇ ಫೋನಿಗೆ ಕಾಯದೆ ಬರೆಯುತ್ತಿದ್ದೇನೆ.

ಮೊದಲು ಕರೆಂಟು. ಬಚ್ಚಲೊಳಗೆ ಮೇನ್ಸ್‌ನಿಂದ ಉರಿಯುವ ಒಂದು ಲೈಟೂ ಬೇಡ. ನೆನೆದ ಮೈ, ಬರಿಗಾಲು, ನಲ್ಲಿಯ ಲೋಹ, ಈ ಮೂರೂ ಒಂದೇ ಕಡೆ ಸೇರುವ ಜಾಗ ಅದು. ಚರ್ಮ ಒದ್ದೆಯಾದರೆ ಅದರ ತಡೆ ಬಹಳ ಇಳಿಯುತ್ತದೆ. ಒಣಗಿದ ಕೈಗೆ ಜುಮ್ಮೆನ್ನಿಸಿ ಬಿಡುವ ಶಾಕ್ ಅಲ್ಲಿ ಬಿಡುವುದಿಲ್ಲ. ಎಂಸಿಬಿ, ಅಂದರೆ ಹೆಚ್ಚು ಕರೆಂಟು ಹರಿದರೆ ತಾನೇ ಆರುವ ಸ್ವಿಚ್, ಇದೆ ಅಂತ ನಿಮ್ಮ ಲೈಟ್ ಹುಡುಗ ಅಂದರೆ ನಂಬಬೇಡ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಬೇಕಾದ್ದು 30 ಮಿಲಿಆಂಪ್‌ಗೆ ಬೀಳುವ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನು ಕತ್ತರಿಸುವ ಸ್ವಿಚ್. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ. ಒತ್ತಿದಾಗ ಬೀಳದಿದ್ದರೆ ಅವತ್ತು ಶೂಟಿಂಗ್ ಇಲ್ಲ. ಒಳಗೆ ಬ್ಯಾಟರಿ ಎಲ್‌ಇಡಿ ಪ್ಯಾನೆಲ್‌ಗಳು ಮಾತ್ರ.

ಇನ್ನು ‘ಸೈಕೋ’. ಕಪ್ಪು-ಬಿಳುಪು ಅಂದರೆ ಒಂದು ಫಿಲ್ಟರ್, ಆಮೇಲೆ ಹಾಕಿಕೊಂಡರಾಯಿತು ಅಂತ ನೀನಂದೆಯಲ್ಲ. ಹಿಚ್‌ಕಾಕ್ ಬಣ್ಣ ಸಿಗದೆ ಕಪ್ಪು-ಬಿಳುಪಿಗೆ ಬಂದವನಲ್ಲ. 1959ರಲ್ಲಿ ತೆರೆಕಂಡ ಅವನ ಹಿಂದಿನ ಚಿತ್ರ ಬಣ್ಣದ್ದು, ವಿಸ್ಟಾವಿಷನ್ ಅನ್ನುವ ಅಗಲ ತೆರೆಯ ವಿಧಾನದ್ದು. ಅದಾದ ಮೇಲೆ ತನ್ನ ಟಿವಿ ಸರಣಿಯ ತಂಡವನ್ನೇ ಕಟ್ಟಿಕೊಂಡು, ಸುಮಾರು 8 ಲಕ್ಷ ಡಾಲರ್‌ನಲ್ಲಿ ಇದನ್ನು ಮುಗಿಸಿದ. ಖರ್ಚು ಉಳಿಯಿತು, ನಿಜ. ಆದರೆ ಬಣ್ಣದಲ್ಲಿ ಆ ರಕ್ತ ನೋಡಿದರೆ ಜನಕ್ಕೆ ಹೇಸಿಗೆಯಾಗುತ್ತದೆ ಅನ್ನುವುದೂ ಅವನ ಲೆಕ್ಕದಲ್ಲಿತ್ತು. ಹೇಸಿಗೆ ಬಂದ ಕಡೆ ಭಯ ನಿಲ್ಲುವುದಿಲ್ಲ, ಜನ ಮುಖ ತಿರುಗಿಸಿಬಿಡುತ್ತಾರೆ. ಅವನಿಗೆ ಬೇಕಿದ್ದದ್ದು ನೋಡುತ್ತಲೇ ಇರುವ ಜನ. 1998ರಲ್ಲಿ ಗಸ್ ವಾನ್ ಸ್ಯಾಂಟ್ ಹೆಚ್ಚುಕಮ್ಮಿ ಶಾಟಿಗೆ ಶಾಟ್ ಅದನ್ನೇ ಬಣ್ಣದಲ್ಲಿ ತೆಗೆದ. ಸಂಗೀತವೂ ಅದೇ. ಬಿಳಿ ಟೈಲ್ಸ್ ಮೇಲೆ ಕೆಂಪು ಇಳಿಯುವುದನ್ನು ನೋಡು, ರಕ್ತ ಕಾಣುತ್ತದೆ, ಅಷ್ಟೇ. ಶಾಟ್ ನಕಲು ಮಾಡಬಹುದು ಅನ್ನುವವರಿಗೆಲ್ಲ ನಾನು ಆ ಚಿತ್ರ ತೋರಿಸುತ್ತೇನೆ. ನಿನಗೂ ಅದನ್ನೇ ಹೇಳಲು ಹೊರಟಿದ್ದೆ, ಧ್ವನಿ ಎತ್ತರವಾಯಿತು.

ಬಣ್ಣದಲ್ಲಿ ತೆಗೆದು ಎಡಿಟಿಂಗಿನಲ್ಲಿ ಬಣ್ಣ ಇಳಿಸಿದರೆ ಏನಾಗುತ್ತದೆ ಅಂದರೆ, ಕಣ್ಣಿಗೆ ಬೇರೆ ಬೇರೆ ಕಂಡ ಕೆಂಪು, ಹಸಿರು, ಚರ್ಮ ಮೂರೂ ಒಂದೇ ಬೂದು ಬಣ್ಣವಾಗಿ ಕೂರಬಹುದು. ನಾಟಕದ ಕೆಂಪು ರಕ್ತ ಅವಳ ಮೈಯ ಬೂದು ಬಣ್ಣದಲ್ಲೇ ಕರಗಿಹೋಗಬಹುದು. ಗ್ರೇಡಿಂಗಿನಲ್ಲಿ, ಅಂದರೆ ಆಮೇಲೆ ಬಣ್ಣ ತಿದ್ದುವಾಗ, ಕೆಂಪು ಚಾನೆಲ್ ಇಳಿಸಿ ಕಪ್ಪು ಮಾಡುತ್ತೇನೆ ಅಂತೀಯ. ಮಾಡು, ತುಟಿ, ಕೆನ್ನೆ, ಮುಖದ ಕಲೆ ಎಲ್ಲ ಅದರ ಜೊತೆಗೇ ಕಪ್ಪಾಗುತ್ತವೆ. ಅದಕ್ಕೇ ‘ಸೈಕೋ’ದವರು ಚಾಕೊಲೇಟ್ ಸಿರಪ್ ಸುರಿದದ್ದು. ಕಡುಗಪ್ಪು, ನೀರಿನಲ್ಲೂ ಸುತ್ತಿ ಸುತ್ತಿ ಇಳಿಯುವಷ್ಟು ಮಂದ. 3 ಪಾಲು ಸಿರಪ್‌ಗೆ 1 ಪಾಲು ನೀರಿನಿಂದ ಶುರು ಮಾಡಿ ಟೆಸ್ಟ್ ತೆಗೆದು ನೋಡು. ಮೊದಲೇ ಸುರಿದಿಟ್ಟರೆ ಕದಡಿ ಹೋಗುತ್ತದೆ. ಆ್ಯಕ್ಷನ್ ಅಂದ ಮೇಲೆ ಫ್ರೇಮಿನ ಹೊರಗಿಂದ ಬಿಡಬೇಕು. ಜಾರುತ್ತದೆ, ಫ್ರೇಮಿನ ಹೊರಗೆಲ್ಲ ರಬ್ಬರ್ ಮ್ಯಾಟ್ ಹಾಸು. ಮಾನಿಟರನ್ನು ಶೂಟಿಂಗಿನ ದಿನವೇ ಕಪ್ಪು-ಬಿಳುಪಿಗೆ ಹಾಕಿಡು. ಸೀರೆಯೋ ಗೋಡೆಯೋ, ಎಲ್ಲವನ್ನೂ ಅದರಲ್ಲಿ ನೋಡಿಯೇ ಆರಿಸು.

ಬಚ್ಚಲಿನ ಹೊರಗೂ ವೈರುಗಳು ಸೇರುವ ಕಡೆ ನೆಲದ ಮೇಲೆ ಬೇಡ. ಡಬ್ಬಿಯ ಮೇಲೆ ಎತ್ತಿಡಿ. ಗೋಡೆಯಿಂದ ಬರುವ ಕೇಬಲ್ ಪ್ಲಗ್ಗಿಗೆ ಸೇರುವ ಮೊದಲು ಒಂದು ಬಾಗು ಕೆಳಗಿಳಿದು ಮೇಲೇರಬೇಕು, ಆಗ ಅದರ ಮೇಲೆ ಹರಿದು ಬಂದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಇದನ್ನು ನೀನೇ ನಿಂತು ನೋಡು, ಇನ್ನೊಬ್ಬರಿಗೆ ಬಿಡಬೇಡ.

ನೀರಿಗೆ ಎದುರಿನಿಂದ ಬೆಳಕು ಕೊಟ್ಟರೆ ನೀರೇ ಕಾಣುವುದಿಲ್ಲ. ಹಿಂದಿನಿಂದ ಕೊಡು. ಶಟರ್ 1/50ರಲ್ಲಿ ನೀರು ಗೆರೆ ಗೆರೆಯಾಗಿ, 1/200ರಲ್ಲಿ ಹನಿ ಹನಿಯಾಗಿ ಬರುತ್ತದೆ. ಕತ್ತಿಯ ಶಾಟುಗಳಿಗೆ ಎರಡನೆಯದು. ಆದರೆ ಶಟರ್ ಏರಿಸಿದಾಗ ಕೆಲವು ಎಲ್‌ಇಡಿಗಳು ಪಟಪಟ ಮಿನುಗುತ್ತವೆ, ಡಿಮ್ ಮಾಡಿದಾಗ ಇನ್ನೂ ಹೆಚ್ಚು, ಹಿಂದಿನ ದಿನವೇ ಪರೀಕ್ಷಿಸು. ಲೆನ್ಸ್ ಮೇಲೆ ಆವಿ ಕೂರದಂತೆ ಕ್ಯಾಮೆರಾವನ್ನು ಅರ್ಧ ಗಂಟೆ ಮೊದಲೇ ಆ ಕೋಣೆಯಲ್ಲಿಡು. ನಿನ್ನ 9ನೇ ಚಿತ್ರದ ಹಾಗೆ ಷವರಿನ ತೂತುಗಳನ್ನೇ ನೇರ ನೋಡಬೇಕೆಂದರೆ, ‘ಸೈಕೋ’ದವರು ಮಾಡಿದ್ದು ದೂರದಿಂದ ಹಿಡಿಯುವ ಉದ್ದ ಲೆನ್ಸ್ ಹಾಕಿ, ನಡುವಿನ ತೂತುಗಳನ್ನು ಮುಚ್ಚಿದ್ದು. ನೀರು ಕ್ಯಾಮೆರಾದ ಸುತ್ತಲೂ ಬೀಳುತ್ತದೆ, ಮೇಲೆ ಬೀಳುವುದಿಲ್ಲ.

ಪರದೆ ಸರಿಸುವ ಆಕೃತಿಯ ಮುಖ ಕಪ್ಪಾಗಿಯೇ ಇರಬೇಕು ಅಂತ ಬರೆದಿದ್ದೀಯ. ಬ್ಯಾಕ್‌ಲೈಟ್ ಒಂದರಿಂದ ಆಗುವುದಿಲ್ಲ. ಬಿಳಿ ಟೈಲ್ಸ್‌ಗೆ ಬಡಿದ ಬೆಳಕು ತಿರುಗಿ ಮುಖಕ್ಕೇ ಬರುತ್ತದೆ. ‘ಸೈಕೋ’ದಲ್ಲೂ ಇದೇ ತೊಂದರೆಯಾಗಿ ಮುಖಕ್ಕೆ ಕಪ್ಪು ಬಳಿದಿದ್ದರು. ನೀನು ಅದರ ಜೊತೆಗೆ ಫ್ರೇಮಿಗೆ ಬಾರದ ಟೈಲ್ಸ್ ಮೇಲೆಲ್ಲ ಕಪ್ಪು ಬಟ್ಟೆ ಹೊದಿಸಿಬಿಡು.

ಸಂಖ್ಯೆ ಹೇಳಿ ಹೆದರಿಸುತ್ತಿಲ್ಲ, ಆದರೆ ‘ಸೈಕೋ’ದ ಆ ಕೊಲೆಯ 45 ಸೆಕೆಂಡಿಗೆ ಹಿಡಿದದ್ದು 7 ದಿನ, 70ಕ್ಕೂ ಹೆಚ್ಚು ಕ್ಯಾಮೆರಾ ಸೆಟಪ್‌ಗಳು. ನಿನಗಿರುವುದು ಒಂದು ದಿನ. 31ರಲ್ಲಿ 12 ತೆಗೆದುಹಾಕು. ಗಾಯ ತೋರಿಸುವ ನಾಲ್ಕು ಮೊದಲು ಹೋಗಲಿ. ಆ ದೃಶ್ಯದಲ್ಲಿ ಒಂದು ಗಾಯವೂ ಕಾಣುವುದಿಲ್ಲ. ಕತ್ತಿ, ಬಾಯಿ, ಕೈ, ನೀರು ಅಷ್ಟೇ. ಉಳಿದದ್ದನ್ನು ನೋಡುವವರು ತಾವೇ ಸೇರಿಸಿಕೊಳ್ಳುತ್ತಾರೆ. ಕತ್ತಿಯ ಸದ್ದಿಗೆ ಅವರು ಇರಿದದ್ದು ಕರ್ಬೂಜದ ಜಾತಿಯ ಹಣ್ಣನ್ನು. ಸಂಗೀತಕ್ಕೆ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳನ್ನು ಇಟ್ಟುಕೊಂಡ, ಕಪ್ಪು-ಬಿಳುಪು ಚಿತ್ರಕ್ಕೆ ಕಪ್ಪು-ಬಿಳುಪು ಸದ್ದು ಅಂತ. ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದ ಹಿಚ್‌ಕಾಕ್, ಕೇಳಿದ ಮೇಲೆ ಮಾತು ಬದಲಿಸಿದ. ದೊಡ್ಡವರೂ ಮಾತು ಬದಲಿಸುತ್ತಾರೆ ನೋಡು.

ನಿನ್ನ ಬೋರ್ಡಿನಲ್ಲಿ ನಿಜವಾಗಿ ಕಾಡಿದ್ದು ಒಂದೇ: ನೀನು ನೀರಿನಿಂದಲೇ ಶುರು ಮಾಡಿದ್ದೀಯ. ಆ ಹುಡುಗಿ ಯಾರು ಅಂತ ನಮಗೆ ಗೊತ್ತೇ ಇಲ್ಲ. ‘ಸೈಕೋ’ದಲ್ಲಿ ನಾಯಕಿ ಮ್ಯಾರಿಯನ್ 40,000 ಡಾಲರ್ ಕದ್ದು ಬಂದವಳು. ಸ್ನಾನಕ್ಕೆ ಮೊದಲು ಮೇಜಿನ ಹತ್ತಿರ ಕೂತು ಲೆಕ್ಕ ಹಾಕುತ್ತಾಳೆ, 40,000ದಲ್ಲಿ ಖರ್ಚಾದ 700 ಕಳೆ. ಹಿಂತಿರುಗಿಸಲು ನಿರ್ಧರಿಸಿದ್ದಾಳೆ. ಚೀಟಿ ಹರಿದು ಕಮೋಡಿಗೆ ಹಾಕಿ ನೀರು ಬಿಡುತ್ತಾಳೆ. ಅಮೆರಿಕದ ತೆರೆಯ ಮೇಲೆ ಅದನ್ನು ತೋರಿಸುವುದೇ ಆಗ ದೊಡ್ಡ ಸಂಗತಿ. ಆಮೇಲೆ ಷವರ್. ಮುಖದ ಮೇಲೆ ನೀರು ಬಿದ್ದಾಗ ಅವಳು ನಗುತ್ತಾಳೆ, ನೋಡುವವರೂ ಹಗುರಾಗುತ್ತಾರೆ, ಎಲ್ಲ ಸರಿಹೋಯಿತು ಅಂತ. ಆಗ ಪರದೆಯ ಹಿಂದೆ ಬಾಗಿಲು ತೆರೆಯುತ್ತದೆ. 109 ನಿಮಿಷದ ಚಿತ್ರದ ನಾಯಕಿ ಅರ್ಧಕ್ಕೂ ಮೊದಲೇ ಸತ್ತುಹೋಗುತ್ತಾಳೆ. ಕೊಲೆ ಯಾರು ಮಾಡಿದ್ದು ಅಂತ ತಿಳಿದವರೂ ಮತ್ತೆ ಮತ್ತೆ ನೋಡುವುದು ಆ ನಗುವಿಗಾಗಿ ಅಂತ ನನಗನ್ನಿಸುತ್ತದೆ. ನಿನ್ನ ಹುಡುಗಿಗೂ ಒಂದು ಚೀಟಿ ಕೊಡು. ಎರಡು ನಿಮಿಷ ಸಾಕು. ಆ 12 ಶಾಟು ಕೈಬಿಟ್ಟರೆ ಅಷ್ಟು ಸಮಯ ಸಿಗುತ್ತದೆ.

ಕೊನೆಯ ಶಾಟಿನಲ್ಲಿ ಅವಳು ಉಸಿರಾಡಬಾರದು. ಎಲ್ಲರೂ ಸರಿಯೆಂದ ಮೇಲೆ ಸತ್ತವಳಲ್ಲಿ ಜೀವದ ಸಣ್ಣ ಚಲನೆ ಹಿಡಿದದ್ದು ಹಿಚ್‌ಕಾಕ್‌ನ ಹೆಂಡತಿ ಆಲ್ಮಾ. ನಿನ್ನ ಎಡಿಟ್ ಆದ ಮೇಲೆ ಸೆಟ್ಟಿಗೆ ಬಾರದ ಒಬ್ಬರಿಗೆ ತೋರಿಸು. ನನಗೇ ತೋರಿಸಬೇಕಂತೇನಿಲ್ಲ.

ನಿನ್ನ ನಟಿಯೂ ನಿನ್ನ ವಯಸ್ಸಿನವಳೇ ಇರಬೇಕು. ಅವಳು ಒಪ್ಪಿದ್ದಷ್ಟೇ ತೆಗಿ, ಒಳಗೆ ನಾಲ್ಕು ಜನಕ್ಕಿಂತ ಹೆಚ್ಚು ಬೇಡ. ಮ್ಯಾರಿಯನ್ ಪಾತ್ರದ ಜಾನೆಟ್ ಲೀಗೆ ಅಂಟಿಸಿದ್ದ ಮೈಬಣ್ಣದ ತೇಪೆಗಳು ಬಿಸಿನೀರಿಗೆ ಸಡಿಲಾಗಿದ್ದವು. ನೀನು ಒಳಗೆ ಈಜುಡುಗೆ ಹಾಕಿಸು, ಟವೆಲ್ ಕೈಗೆಟುಕುವಂತಿರಲಿ. ನೀರು ಬೆಚ್ಚಗಿರಬೇಕು. ಹಾಗಂತ ಅವಳು ಒಳಗಿರುವಾಗ ಗೀಸರ್ ಉರಿಯುವುದು ಬೇಡ. ಮೊದಲೇ ಕಾಯಿಸಿ ಡ್ರಮ್ಮಿಗೆ ತುಂಬಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಅವಳನ್ನು ಕರಿ. ಮೇನ್ ಸ್ವಿಚ್ ಹತ್ತಿರ ಒಬ್ಬರು ದಿನವಿಡೀ ನಿಂತಿರಲಿ, ಬೇರೆ ಕೆಲಸ ಹೇಳಬೇಡ. ಇದೆಲ್ಲ ನಿನಗೆ ಗೊತ್ತು, ಗೊತ್ತಿದೆ ಅಂತ ನನಗೂ ಗೊತ್ತು.

ಬುಧವಾರ ಬೆಳಿಗ್ಗೆ ಆರ್‌ಸಿಸಿಬಿಯ ಬಟನ್ ಒತ್ತಿದ ಮೇಲೆ ‘ಬಿತ್ತು’ ಅಂತ ಒಂದು ಮೆಸೇಜ್ ಹಾಕು. ಬೇರೇನೂ ಬರೆಯಬೇಡ, ಅಷ್ಟೇ ಸಾಕು.

ಅಪ್ಪ