ಹಳೆಯ ಚೀಟಿ, ಖಾಲಿ ಸ್ಟ್ರಿಪ್‌ಗೆ ಇನ್ನು ಮಾತ್ರೆ ಇಲ್ಲ

ಮಾನ್ಯ ಸದಸ್ಯರೇ, ಗ್ರಾಹಕ ಬಂಧುಗಳೇ,

ಬರುವ ತಿಂಗಳ 1ರಿಂದ ಸಂಘದ ಔಷಧ ಮಳಿಗೆಯಲ್ಲಿ ಖಾಲಿ ಸ್ಟ್ರಿಪ್ ಅಥವಾ ಹಳೆಯ ಚೀಟಿ ತೋರಿಸಿದರೆ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆ, ಆ್ಯಂಟಿಬಯಾಟಿಕ್ ಕೊಡುವುದಿಲ್ಲ. ಪ್ಯಾರಾಸಿಟಮಾಲ್, ಓಆರ್‌ಎಸ್, ನೋವಿನ ಮುಲಾಮು ಮೊದಲಿನಂತೆಯೇ ಸಿಗುತ್ತವೆ. ಬಿಪಿ, ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬರೆದ ಅವಧಿ ಮುಗಿಯುವವರೆಗೂ ಅದೇ ಚೀಟಿ ನಡೆಯುತ್ತದೆ.

ಅಡಿಕೆ ಕೊಯ್ಲಿನ ಹೊತ್ತಿಗೇ ಇದನ್ನು ತರುತ್ತಿರುವುದಕ್ಕೆ ಕಾರಣವಿದೆ. ಹಗಲೆಲ್ಲ ಅಡಿಕೆ ಗೊನೆಗಳನ್ನು ಹೊತ್ತು, ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರ ಸೊಂಟನೋವು ನಮ್ಮ ಮನೆಗಳಲ್ಲೂ ಇದೆ. ಆಸ್ಪತ್ರೆಗೆ ಹೋದರೆ ದಿನದ ಕೂಲಿ ತಪ್ಪುತ್ತದೆ. ಮಾತ್ರೆ ನುಂಗಿದರೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬಹುದು. ಆದರೆ ಬರಿಯ ಚಹಾ ಕುಡಿದು, ಬೆವರು ಸುರಿಸಿ, ಸರಿಯಾಗಿ ನೀರೂ ಕುಡಿಯದೆ ದಿನವೂ ಡೈಕ್ಲೋಫೆನಾಕ್ ನುಂಗುವವರಿಗೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಬರುವ ಅಪಾಯ ದೊಡ್ಡದು. ಕೆಲವೆಡೆ ಪೊಟ್ಟಣ ಕಟ್ಟಿಕೊಡುವ ‘ಸೆಟ್’ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಕೂಡ ಸೇರಿರುತ್ತದೆ. ನೋವು ಬೇಗ ಇಳಿಯುತ್ತದೆ, ಸಕ್ಕರೆ ಏರುತ್ತದೆ. ಹೆಸರಿಲ್ಲದ ಮಾತ್ರೆಯನ್ನು ಯಾರು ಕೊಟ್ಟರೂ ದಯವಿಟ್ಟು ನುಂಗಬೇಡಿ.

ನಮಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ಜ್ವರದ ವಿಷಯದಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಹೆಚ್ಚಾಗುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಉಣುಗು ಕಚ್ಚಿದ ಕೆಲವು ದಿನಗಳಲ್ಲಿ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಸುಲಿದ ಆಯಾಸವೆಂದೇ ಮನೆಯವರು ತಿಳಿಯುತ್ತಾರೆ. ಈ ಕಾಯಿಲೆಯಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಅಪಾಯವಿದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆ್ಯಸ್ಪಿರಿನ್ ಆ ಅಪಾಯವನ್ನು ಹೆಚ್ಚಿಸುತ್ತವೆ. ವೈರಸ್‌ನಿಂದ ಬರುವ ಈ ಜ್ವರಗಳಿಗೆ ಆ್ಯಂಟಿಬಯಾಟಿಕ್ ನಾಟುವುದೂ ಇಲ್ಲ. ಕಾಡಿಗೆ, ತೋಟಕ್ಕೆ ಹೋಗಿಬಂದವರಿಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಸೊಪ್ಪು, ದರಗು ತರಲು ಹೋಗಿದ್ದರೆ ಅದನ್ನು ತಪ್ಪದೆ ಹೇಳಿ.

ಪ್ಯಾರಾಸಿಟಮಾಲ್‌ಗೂ ಮಿತಿಯಿದೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಮದ್ಯ ಕುಡಿಯುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಅದಕ್ಕಿಂತ ಕಡಿಮೆ. ಶೀತದ ಮಾತ್ರೆಗಳಲ್ಲೂ ಇದೇ ಇರುವುದರಿಂದ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವ ಮುನ್ನ ನಮ್ಮನ್ನು ಕೇಳಿ.

ಕೂಲಿ ತಪ್ಪಬಾರದೆಂದು ಸಂತೆಯ ದಿನ ಸಂಜೆ 6ರಿಂದ 8ರವರೆಗೆ ಸಂಘದ ಸಭಾಂಗಣದಲ್ಲಿ ವೈದ್ಯರೊಬ್ಬರು ಕೂರುತ್ತಾರೆ. ಅವರ ಶುಲ್ಕವನ್ನು ಸಂಘವೇ ಭರಿಸುತ್ತದೆ. ಸದಸ್ಯರಲ್ಲದ ಕೆಲಸಗಾರರೂ ಬರಬಹುದು. ಬರುವಾಗ ಮನೆಯಲ್ಲಿ ಉಳಿದಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿ.

ಇಂತಿ,
ಆಡಳಿತ ಮಂಡಳಿ ಮತ್ತು ಔಷಧ ಮಳಿಗೆಯ ಸಿಬ್ಬಂದಿ